ಹೊಸಬರು ಒಳಗೆ ಬಂದ ಮೇಲೆ: ಕೊರಿಂಥ ಸಭೆಯ ಒಂದು ಪ್ರಕರಣ

ಹೊಸಬರನ್ನು ಬರಮಾಡಿಕೊಳ್ಳುವ ವಿಷಯ ನಮ್ಮ ಸಭಾ ಸಮಿತಿಗಳಲ್ಲಿ ಬಂದಾಗಲೆಲ್ಲ ಮಾತು ಬಾಗಿಲ ಬಳಿಯೇ ನಿಂತುಬಿಡುತ್ತದೆ. ಭಾನುವಾರ ಬಾಗಿಲಲ್ಲಿ ಯಾರು ನಿಲ್ಲಬೇಕು, ಗೀತೆಯ ಪುಸ್ತಕ ಯಾರು ಕೊಡಬೇಕು, ಪ್ರಕಟಣೆಗಳ ಹೊತ್ತಿನಲ್ಲಿ ಹೊಸಬರನ್ನು ಎಬ್ಬಿಸಿ ನಿಲ್ಲಿಸಿ ಹೆಸರು ಕೇಳಬೇಕೋ ಬೇಡವೋ, ಆರಾಧನೆ ಮುಗಿದ ಮೇಲೆ ಕಾಫಿಯ ವ್ಯವಸ್ಥೆ ಯಾರದು. ಇವೆಲ್ಲ ಬೇಕಾದ ಮಾತುಗಳೇ. ಆದರೆ ಬಾಗಿಲು ದಾಟಿ ಒಳಗೆ ಕೂತವರಿಗೆ ಮುಂದಿನ ಒಂದೂವರೆ ಗಂಟೆ ಏನಾಗುತ್ತದೆ ಎಂಬ ಪ್ರಶ್ನೆ ಅಪರೂಪಕ್ಕೂ ಏಳುವುದಿಲ್ಲ.

ಆ ಪ್ರಶ್ನೆಯನ್ನು ಹಿಡಿದು ಓದಲು ಹೊಸ ಒಡಂಬಡಿಕೆಯಲ್ಲಿ ಒಂದು ಸಭೆಯ ಪ್ರಕರಣ ಇದೆ. ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯವೂ ಹೊಸಬರ ಮಾತನ್ನೇ ಆಡುತ್ತದೆ: ಚಿನ್ನದ ಉಂಗುರ ಹಾಕಿಕೊಂಡು ಬಂದವನಿಗೆ ಒಳ್ಳೆಯ ಜಾಗ, ಕೊಳಕು ಬಟ್ಟೆಯ ಬಡವನಿಗೆ ಕಾಲ ಬಳಿಯ ನೆಲ. ಆದರೆ ಅಲ್ಲಿ ಊರಿನ ಹೆಸರಿಲ್ಲ, ಜನರ ಹೆಸರಿಲ್ಲ. ಗ್ರೀಸಿನ ಕೊರಿಂಥದ ವಿಷಯ ಹಾಗಲ್ಲ. ಊರು ಗೊತ್ತು, ಕಾಲ ಗೊತ್ತು, ಮನೆ ಬಿಟ್ಟುಕೊಟ್ಟವರ ಹೆಸರು ಗೊತ್ತು, ದೂರು ಯಾರಿಂದ ಬಂತು ಎಂಬುದೂ ಗೊತ್ತು. ಪರಿಹಾರವಾಗಿ ಅಪೊಸ್ತಲ ಪೌಲನು ಬರೆದ ಪತ್ರ, ಅಂದರೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ, ಕೈಯಲ್ಲೇ ಇದೆ. ನಲವತ್ತು ವರ್ಷಗಳ ನಂತರ ಆ ಸಭೆ ಹೇಗಿತ್ತು ಎಂದು ಹೇಳುವ ಇನ್ನೊಂದು ಪತ್ರವೂ ಉಳಿದಿದೆ. ಒಂದು ಸಭೆಯ ಬಗ್ಗೆ ಇಷ್ಟು ಪೂರ್ತಿಯಾದ ದಾಖಲೆ ಆ ಕಾಲದಿಂದ ಸಿಗುವುದೇ ದೊಡ್ಡದು.

ಊರೇ ವಲಸೆ ಬಂದವರದ್ದು

ಹಳೆಯ ಕೊರಿಂಥವನ್ನು ರೋಮಿನ ಸೈನ್ಯ ಕ್ರಿ.ಪೂ. 146ರಲ್ಲಿ ನೆಲಸಮ ಮಾಡಿತು. ನೂರು ವರ್ಷ ಹಾಳುಬಿದ್ದಿದ್ದ ಜಾಗದಲ್ಲಿ ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಹೊಸ ಊರು ಕಟ್ಟಿಸಿದ. ಅಲ್ಲಿ ನೆಲೆಸಲು ಬಂದವರಲ್ಲಿ ಹೆಚ್ಚಿನವರು ಬಿಡುಗಡೆ ಪಡೆದ ಗುಲಾಮರು. ಎರಡು ಬಂದರುಗಳು: ಪಶ್ಚಿಮಕ್ಕೆ ಲೆಖಾಯೊನ್, ಪೂರ್ವಕ್ಕೆ ಕೆಂಖ್ರೆ. ಎರಡು ಸಮುದ್ರಗಳ ನಡುವಿನ ಕಿರಿದಾದ ನೆಲಪಟ್ಟಿಯ ಮೇಲೆ ಕಲ್ಲು ಹಾಸಿದ ದಾರಿ. ಸರಕನ್ನೂ ಕೆಲವೊಮ್ಮೆ ಹಡಗುಗಳನ್ನೇ ಆ ದಾರಿಯಲ್ಲಿ ಎಳೆದು ಸಾಗಿಸುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯದ ಕ್ರೀಡೋತ್ಸವ ನಡೆಯುವಾಗ ಊರು ಜನರಿಂದ ತುಂಬಿ ತುಳುಕುತ್ತಿತ್ತು. ಹುಟ್ಟಾ ಕೊರಿಂಥದವರು ಎಂದು ಹೇಳಿಕೊಳ್ಳುವವರಿಗೂ ಮೂರು ನಾಲ್ಕು ತಲೆಮಾರಿಗಿಂತ ಹಿಂದಿನ ಬೇರು ಆ ನೆಲದಲ್ಲಿ ಇರಲಿಲ್ಲ.

ಪೌಲನು ಅಲ್ಲಿಗೆ ಬಂದದ್ದು ಕ್ರಿ.ಶ. 50ರ ಸುಮಾರಿಗೆ. ಬಲಹೀನನಾಗಿ, ಭಯಪಡುತ್ತಾ, ನಡುಗುತ್ತಾ ನಿಮ್ಮ ಬಳಿಗೆ ಬಂದೆ ಎಂದು ಆಮೇಲೆ ತಾನೇ ಬರೆದುಕೊಂಡಿದ್ದಾನೆ. ಅವನನ್ನು ಸೇರಿಸಿಕೊಂಡವರು ಯಾರು? ಅಕ್ವಿಲ ಮತ್ತು ಪ್ರಿಸ್ಕಿಲ್ಲ. ಕ್ಲೌದಿಯ ಚಕ್ರವರ್ತಿ ಯೆಹೂದ್ಯರನ್ನು ರೋಮಾಪುರದಿಂದ ಹೊರಡಿಸಿದಾಗ ಅಲ್ಲಿಂದ ಬಂದು ಕೊರಿಂಥದಲ್ಲಿ ಆಗತಾನೇ ನೆಲೆಯೂರುತ್ತಿದ್ದ ಗಂಡ ಹೆಂಡತಿ. ಅವರದೂ ಡೇರೆ ಮಾಡುವ ಕಸುಬು, ಪೌಲನದೂ ಅದೇ. ಕಸುಬು ಒಂದೇ ಆದ್ದರಿಂದ ಅವರಲ್ಲೇ ಇದ್ದು ಕೆಲಸ ಮಾಡಿದ ಎನ್ನುತ್ತದೆ ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯ. ನನಗೆ ಈ ಸಾಲು ಬಹಳ ಮುಖ್ಯ. ಆ ಮನೆಯಲ್ಲಿ ಅವನಿಗೆ ಜಾಗದ ಜೊತೆಗೆ ಕೈಗೆ ಕೆಲಸ ಸಿಕ್ಕಿತು, ಜೊತೆಗೆ ಕೂತು ಹೊಲಿಯುವವರು ಸಿಕ್ಕರು. ಅದನ್ನು ಕೊಟ್ಟವರೂ ಹೊಸಬರೇ. ಪರಊರಿಗೆ ಬಂದವರ ಕಷ್ಟ ಅವರಿಗೆ ಇನ್ನೂ ಮೈಮೇಲೆ ಹಸಿಯಾಗಿತ್ತು.

ಯೆಹೂದ್ಯರ ಸಭಾಮಂದಿರದಲ್ಲಿ ವಿರೋಧ ಎದ್ದಾಗ ಪಕ್ಕದಲ್ಲೇ ಇದ್ದ ತೀತ ಯುಸ್ತ ಎಂಬವನ ಮನೆ ತೆರೆಯಿತು. ಸಭಾಮಂದಿರದ ಅಧ್ಯಕ್ಷ ಕ್ರಿಸ್ಪನೂ ಸೇರಿಕೊಂಡ. ಪೌಲನು ಒಂದೂವರೆ ವರ್ಷ ಅಲ್ಲಿದ್ದ. ಅವನನ್ನು ಗಲ್ಲಿಯೋನ ಎಂಬ ಅಧಿಪತಿಯ ನ್ಯಾಯಸ್ಥಾನದ ಮುಂದೆ ನಿಲ್ಲಿಸಿದ್ದೂ ಆಗಲೇ. ಗಲ್ಲಿಯೋನನ ಹೆಸರಿರುವ ಶಾಸನ ದೆಲ್ಫಿಯಲ್ಲಿ ಸಿಕ್ಕಿರುವುದರಿಂದ ಆ ಕಾಲವನ್ನು 51-52ರ ಸುಮಾರಿಗೆ ಗುರುತಿಸಲಾಗಿದೆ. ಇಷ್ಟು ಹಿನ್ನೆಲೆ. ಪೌಲನು ಹೊರಟು ಹೋದ ಮೂರು ನಾಲ್ಕು ವರ್ಷಗಳಲ್ಲಿ, ಹೊಸಬರೇ ಕಟ್ಟಿದ ಈ ಸಭೆಯಲ್ಲಿ ಹಳಬರು ಮತ್ತು ಹೊಸಬರು, ಉಳ್ಳವರು ಮತ್ತು ಇಲ್ಲದವರು ಎಂಬ ಎರಡು ಸಾಲುಗಳು ಬಿದ್ದಿದ್ದವು.

ಸುದ್ದಿ ಪೌಲನಿಗೆ ತಲುಪಿದ ದಾರಿಯನ್ನೂ ಗಮನಿಸಬೇಕು. ಕೊರಿಂಥದವರು ಅವನಿಗೆ ಒಂದು ಪತ್ರ ಬರೆದಿದ್ದರು. ಮದುವೆ, ವಿಗ್ರಹಗಳಿಗೆ ಅರ್ಪಿಸಿದ ಪದಾರ್ಥ, ಆತ್ಮದ ವರಗಳು ಮುಂತಾದ ವಿಷಯಗಳಿಗೆ ಪೌಲನು ಸಾಲಾಗಿ ಉತ್ತರ ಕೊಡುತ್ತಾ ಹೋಗುವುದನ್ನು ನೋಡಿದರೆ ಅದರಲ್ಲಿ ಏನೇನು ಕೇಳಿದ್ದರೆಂದು ಊಹಿಸಬಹುದು. ಊಟದ ಹೊತ್ತಿನಲ್ಲಿ ಕೆಲವರು ಹಸಿದು ಕೂರುತ್ತಿದ್ದಾರೆ ಎಂಬುದನ್ನು ಮಾತ್ರ ಅವನು ಕೇಳಿ ತಿಳಿದೆನೆಂದು ಹೇಳುತ್ತಾನೆ. ಜಗಳಗಳ ಸುದ್ದಿ ತಂದವರು ಖ್ಲೋಯೆ ಎಂಬ ಹೆಂಗಸಿನ ಮನೆಯವರು. ಸ್ತೆಫನ, ಫೊರ್ತುನಾತ, ಅಖಾಯಿಕ ಎಂಬ ಮೂವರೂ ಪೌಲನು ಆಗ ಇದ್ದ ಎಫೆಸ ಪಟ್ಟಣಕ್ಕೆ ಬಂದು ಅವನನ್ನು ಕಂಡಿದ್ದರು. ಸಭೆಯವರು ಕೂತು ಬರೆದ ಪತ್ರಕ್ಕೆ ಸಿಗದ ಹಸಿವು ಬಾಯಿಮಾತಿನಲ್ಲಿ ಬಂತು. ನಮ್ಮ ವಾರ್ಷಿಕ ವರದಿಗಳಲ್ಲಿ ಎಷ್ಟು ಹೊಸ ಕುಟುಂಬ ಸೇರಿತು ಎಂದು ಇರುತ್ತದೆ. ಬಂದು ಒಂದೆರಡು ವಾರ ಕೂತು ಮತ್ತೆ ಬಾರದೆ ಹೋದವರ ಮಾತು ಅಲ್ಲಿ ಬರುವುದಿಲ್ಲ. ಅದನ್ನು ತಿಳಿಯಲು ಖ್ಲೋಯೆಯ ಮನೆಯವರಂಥವರು ಬೇಕು, ಅವರ ಮಾತಿಗೆ ಕಿವಿಗೊಡುವ ಸಭಾಪಾಲಕರೂ ಬೇಕು.

ಊಟದ ಹೊತ್ತು

ಆ ಕಾಲದಲ್ಲಿ ಕ್ರೈಸ್ತರಿಗೆ ಚರ್ಚ್ ಕಟ್ಟಡ ಇರಲಿಲ್ಲ. ಯಾರಾದರೂ ಅನುಕೂಲಸ್ಥರು ಮನೆ ಬಿಟ್ಟುಕೊಡಬೇಕಿತ್ತು. ಗಾಯ ಎಂಬವನು ನನಗೂ ಇಡೀ ಸಭೆಗೂ ಅತಿಥಿಸತ್ಕಾರ ಮಾಡುತ್ತಿದ್ದಾನೆ ಎಂದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ ಹೇಳುತ್ತಾನೆ. ಆ ಪತ್ರಿಕೆ ಕೊರಿಂಥದಿಂದ ಹೋದದ್ದು ಎಂಬುದು ಸಾಮಾನ್ಯ ಅಭಿಪ್ರಾಯ. ಪೌಲನು ತನ್ನ ಕೈಯಾರೆ ದೀಕ್ಷಾಸ್ನಾನ ಕೊಟ್ಟ ಕೆಲವೇ ಕೆಲವರಲ್ಲಿ ಗಾಯನೂ ಒಬ್ಬ.

ಇಂಥ ಮನೆಗಳ ಒಳಗೆ ಎಷ್ಟು ಜಾಗ ಇರುತ್ತಿತ್ತು? ಕೊರಿಂಥದ ಅನಪ್ಲೋಗ ಎಂಬಲ್ಲಿ ಅಗೆದು ತೆಗೆದ ಒಂದು ರೋಮನ್ ಮನೆಯ ಊಟದ ಕೋಣೆ ಸುಮಾರು 5.5 ಮೀಟರ್ ಅಗಲ, 7.5 ಮೀಟರ್ ಉದ್ದ. ರೋಮನ್ನರು ಊಟಕ್ಕೆ ಒರಗಿಕೊಳ್ಳುತ್ತಿದ್ದರು. ಮೂರು ದಿಂಬಿನ ಹಾಸುಗಳಲ್ಲಿ ಒಂಬತ್ತು ಜನ ಒರಗುವುದು ವಾಡಿಕೆ. ಉಳಿದವರು ಹೊರಗಿನ ಅಂಗಳದಲ್ಲಿ, ಅದೂ ನಡುವೆ ನೀರಿನ ತೊಟ್ಟಿ ಇರುವ ಅಂಗಳದಲ್ಲಿ, ಕೂತೋ ನಿಂತೋ ಇರಬೇಕು. ಬಡವರು ಸೇರುತ್ತಿದ್ದದ್ದು ಅಂಗಡಿಗಳ ಮೇಲಿನ ಬಾಡಿಗೆ ಕೋಣೆಗಳಲ್ಲಿ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಹೇಗಿದ್ದರೂ ಇಡೀ ಸಭೆ ಒಂದೆಡೆ ಕೂಡಿದಾಗ ಒಳಗಿನವರು, ಹೊರಗಿನವರು ಎಂಬ ಭಾಗ ಗೋಡೆಯಿಂದಲೇ ಆಗಿಬಿಡುತ್ತಿತ್ತು.

ಇದಕ್ಕೆ ಆ ಸಮಾಜದ ರೂಢಿಯೂ ಸೇರಿತು. ನಾವು ಪಂಕ್ತಿಭೇದ ಎನ್ನುವುದು ರೋಮನ್ನರಿಗೆ ಸಹಜ ಮರ್ಯಾದೆ. ಒಂದನೆಯ ಶತಮಾನದ ಕೊನೆಯ ಹೊತ್ತಿಗೆ ಕಿರಿಯ ಪ್ಲಿನಿ ಎಂಬ ರೋಮನ್ ಲೇಖಕ ಒಂದು ಕಾಗದದಲ್ಲಿ ತಾನು ಉಂಡ ಮನೆಯ ಸಂಗತಿ ಬರೆದಿದ್ದಾನೆ: ಯಜಮಾನನಿಗೂ ಕೆಲವೇ ಆಪ್ತರಿಗೂ ಒಳ್ಳೆಯ ತಿನಿಸು, ಉಳಿದವರಿಗೆ ಅಗ್ಗದ ಚೂರುಪಾರು. ದ್ರಾಕ್ಷಾರಸದಲ್ಲೂ ಮೂರು ದರ್ಜೆ: ತನಗೊಂದು, ಕೆಳಗಿನ ಸ್ನೇಹಿತರಿಗೊಂದು, ಬಿಡುಗಡೆಯಾದ ಗುಲಾಮರಿಗೊಂದು. ತಾನು ಹಾಗೆ ಮಾಡುವುದಿಲ್ಲ, ಎಲ್ಲರಿಗೂ ಒಂದೇ ಬಡಿಸುತ್ತೇನೆ ಎಂದು ಪ್ಲಿನಿ ಹೇಳುತ್ತಾನೆ. ಎದ್ದು ಹೇಳಬೇಕಾದಷ್ಟು ಅದು ಅಪರೂಪ ಎಂದಾಯಿತು.

ಇನ್ನೊಂದು ಅಂಶ ಸಮಯ. ಭಾನುವಾರ ಆಗ ರಜೆಯ ದಿನ ಅಲ್ಲ. ಕಾನ್‌ಸ್ಟಂಟೈನ್ ಚಕ್ರವರ್ತಿ ಅದನ್ನು ವಿಶ್ರಾಂತಿಯ ದಿನ ಮಾಡಿದ್ದು 321ರಲ್ಲಿ. ಕೊರಿಂಥದ ಬಂದರಿನ ಕೂಲಿ, ಯಾರದೋ ಮನೆಯ ಗುಲಾಮ, ಅಂಗಡಿಯ ಆಳು ತನ್ನ ಕೆಲಸ ಮುಗಿಸಿ ಯಜಮಾನನ ಅಪ್ಪಣೆ ಪಡೆದು ಬರುವಷ್ಟರಲ್ಲಿ ಹೊತ್ತಾಗಿರುತ್ತದೆ. ಬಿಡುವಿದ್ದವರು ಮೊದಲೇ ಬಂದು ತಾವು ತಂದದ್ದನ್ನು ತಾವೇ ಉಂಡು ಮುಗಿಸಿರುತ್ತಾರೆ. ಒಬ್ಬನು ಹಸಿದಿದ್ದಾನೆ, ಇನ್ನೊಬ್ಬನು ಅಮಲೇರಿದ್ದಾನೆ ಎಂದು ಪೌಲನು ಬರೆದದ್ದು ಈ ಸ್ಥಿತಿಯನ್ನು. ಅದನ್ನು ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗಾಗಿ ಸಭೆ ಕೂಡಿ ಉಣ್ಣುವ ಊಟ, ಎನ್ನಲು ಅವನು ಒಪ್ಪುವುದಿಲ್ಲ. ಏನೂ ಇಲ್ಲದವರನ್ನು ನಾಚಿಕೆಪಡಿಸುತ್ತೀರಾ, ದೇವರ ಸಭೆಯನ್ನೇ ತಿರಸ್ಕರಿಸುತ್ತೀರಾ ಎಂದು ಕೇಳುತ್ತಾನೆ. ಆ ಪತ್ರದಲ್ಲಿ ಇಷ್ಟು ಖಾರವಾದ ಜಾಗಗಳು ಕೆಲವೇ.

ಕೊರಿಂಥದವರು ಬೇಕೆಂದೇ ಯಾರನ್ನೂ ಅವಮಾನಿಸಿದರು ಎಂದು ನನಗನ್ನಿಸುವುದಿಲ್ಲ. ಅವರು ಊರಿನಲ್ಲಿ ಊಟ ನಡೆಯುವ ಹಾಗೆಯೇ ಸಭೆಯಲ್ಲೂ ಊಟ ನಡೆಸಿದರು, ಅಷ್ಟೇ. ಯಾರೂ ಬಾಗಿಲಲ್ಲಿ ತಡೆಯಲಿಲ್ಲ. ತಡವಾಗಿ ಬಂದವನು ಒಳಗೆ ಬಂದ, ಅಂಗಳದಲ್ಲಿ ನಿಂತ, ಖಾಲಿ ಪಾತ್ರೆ ನೋಡಿದ. ಅವನಿಗೆ ತನ್ನ ಸ್ಥಾನ ಎಲ್ಲಿ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಯೇ ಇರಲಿಲ್ಲ.

ಪೌಲನ ಪರಿಹಾರ ಎರಡೇ ಮಾತಿನದು. ಊಟಕ್ಕೆ ಕೂಡಿಬಂದಾಗ ಒಬ್ಬರಿಗಾಗಿ ಒಬ್ಬರು ಕಾದುಕೊಂಡಿರಿ. ಹಸಿವು ತಡೆಯದಿದ್ದರೆ ಮನೆಯಲ್ಲೇ ಉಂಡು ಬನ್ನಿ. ಮೊದಲನೆಯದು ನೇರವಾಗಿ ಹಳಬರ, ಬಿಡುವಿದ್ದವರ ಅಭ್ಯಾಸಕ್ಕೆ ಕೈ ಹಾಕುತ್ತದೆ: ಆರಂಭದ ಗಂಟೆಯನ್ನು ಕೊನೆಗೆ ಬರುವವನ ಬಿಡುವಿಗೆ ಹೊಂದಿಸಿ ಎಂದು. ಎರಡನೆಯದು ಅರ್ಧ ಪರಿಹಾರ ಎಂದೇ ನನ್ನ ಅಭಿಪ್ರಾಯ. ಉಳ್ಳವರು ಮನೆಯಲ್ಲಿ ಹೊಟ್ಟೆತುಂಬ ಉಂಡು ಬಂದರೆ ಸಭೆಯಲ್ಲಿ ಭೇದ ಕಾಣುವುದಿಲ್ಲ ನಿಜ, ಆದರೆ ಹಸಿದು ಬಂದವನ ಹೊಟ್ಟೆ ತುಂಬುವುದಿಲ್ಲ. ಮುಂದೆ ರೊಟ್ಟಿ ದ್ರಾಕ್ಷಾರಸದ ಸಂಸ್ಕಾರ ಒಂದಾಗಿ, ಊಟ ಬೇರೆಯಾಗಿ ಉಳಿಯಿತು. 155ರ ಸುಮಾರಿಗೆ ರೋಮಿನಲ್ಲಿ ಯುಸ್ತೀನ ಎಂಬ ಕ್ರೈಸ್ತ ಲೇಖಕನು ಭಾನುವಾರದ ಆರಾಧನೆಯನ್ನು ವಿವರಿಸುವಾಗ ಹೊಟ್ಟೆಯ ಪ್ರಶ್ನೆಗೆ ಬೇರೊಂದು ದಾರಿ ಕಾಣುತ್ತದೆ: ಬರಲಾಗದವರ ಪಾಲನ್ನು ಸಭಾಸೇವಕರು ಅವರಿದ್ದಲ್ಲಿಗೆ ಒಯ್ಯುತ್ತಾರೆ, ಕೂಡಿಸಿದ ಕಾಣಿಕೆಯಿಂದ ಅನಾಥರು, ವಿಧವೆಯರು, ಸೆರೆಯವರು, ಪರಸ್ಥಳದಿಂದ ಬಂದವರು ಇವರನ್ನೆಲ್ಲ ನೋಡಿಕೊಳ್ಳುತ್ತಾರೆ. ಕೊರಿಂಥಕ್ಕೆ ಬರೆದ ಪತ್ರದಲ್ಲಿ ಉಳಿದುಹೋಗಿದ್ದ ಅರ್ಧ ಇದು.

ನಮ್ಮಲ್ಲಿ ಈ ಪ್ರಶ್ನೆ ಹಳೆಯದಾಗಿಲ್ಲ. ದಕ್ಷಿಣ ಭಾರತದ ಸಭೆಗಳಲ್ಲಿ ಜಾತಿಯ ಲೆಕ್ಕದಲ್ಲಿ ಬೇರೆ ಬೇರೆ ಕೂರುವುದು, ಕರ್ತನ ಪಾತ್ರೆಯ ಬಳಿಗೂ ಅದೇ ಸಾಲಿನಲ್ಲಿ ಬರುವುದು ಇತ್ತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಇದನ್ನು ಕೂಡಲೇ, ಪೂರ್ತಿಯಾಗಿ ಬಿಡಬೇಕೆಂದು ಪತ್ರ ಬರೆದಾಗ ತಂಜಾವೂರು, ಮದ್ರಾಸುಗಳಲ್ಲಿ ಅನೇಕರು ಸಭೆಯನ್ನೇ ಬಿಟ್ಟು ಹೊರಟರು. ಇವತ್ತು ಬೆಳೆ ಹಬ್ಬದ ಊಟದಲ್ಲಿ ಬಿಷಪ್ಪರಿಗೂ ಗಣ್ಯರಿಗೂ ಒಳಗೆ ಮೇಜು ಹಾಕಿ, ಉಳಿದವರಿಗೆ ಹೊರಗೆ ಬಿಸಿಲಿನಲ್ಲಿ ಸಾಲು ನಿಲ್ಲಿಸುವ ಸಭೆಗಳನ್ನು ಕಾಣುತ್ತೇವೆ. ಹೊಸಬರು ಆ ಸಾಲಿನ ಕೊನೆಯಲ್ಲಿರುತ್ತಾರೆ, ಏಕೆಂದರೆ ಅವರನ್ನು ಕೈಹಿಡಿದು ಮುಂದೆ ಕರೆಯುವವರಿಲ್ಲ. ಸಮಯದ ಮಾತೂ ಹಾಗೆಯೇ. ಬೆಂಗಳೂರಿನಂಥ ಊರಿನಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಸೆಕ್ಯುರಿಟಿ ಗಾರ್ಡ್, ಎರಡು ಮನೆಯ ಪಾತ್ರೆ ತೊಳೆದು ಬಿಡುವಾಗುವ ಹೆಂಗಸು, ಆಸ್ಪತ್ರೆಯ ನರ್ಸ್ ಇವರಿಗೆ ಬೆಳಗ್ಗೆ ಎಂಟರ ಆರಾಧನೆ ಸಿಗುವುದೇ ಇಲ್ಲ. ಸಿಕ್ಕರೂ ಅರ್ಧಕ್ಕೆ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಾರೆ, ತಡವಾಗಿ ಬಂದರೆಂದು ಎಲ್ಲರೂ ತಿರುಗಿ ನೋಡುತ್ತಾರೆ. ಸಮಯ ಗೊತ್ತುಮಾಡುವಾಗ ಅವರನ್ನು ಕೇಳಿದವರು ಯಾರು?

‘ಆಮೆನ್’ ಹೇಳಲಾಗದವನು

ಊಟದ ಪ್ರಕರಣದಲ್ಲಿ ನೊಂದವರು ಸಭೆಯ ಬಡ ಸದಸ್ಯರು. 14ನೆಯ ಅಧ್ಯಾಯಕ್ಕೆ ಬಂದರೆ ಪೌಲನು ನಿಜವಾದ ಹೊರಗಿನವರನ್ನೇ ಒಳಗೆ ತಂದು ಕೂರಿಸುತ್ತಾನೆ. ಇಡೀ ಸಭೆ ಕೂಡಿದಾಗ ಎಲ್ಲರೂ ಅನ್ಯಭಾಷೆಗಳಲ್ಲಿ (ಆತ್ಮದ ಪ್ರೇರಣೆಯಿಂದ ಬರುವ, ಕೇಳುವವರಿಗೆ ತಿಳಿಯದ ಮಾತುಗಳಲ್ಲಿ) ಮಾತಾಡುತ್ತಿರಲು, ತಿಳಿಯದವರೋ ನಂಬದವರೋ ಒಳಗೆ ಬಂದರೆ ನಿಮಗೆ ಹುಚ್ಚು ಹಿಡಿದಿದೆ ಎನ್ನುವುದಿಲ್ಲವೇ ಎಂದು ಕೇಳುತ್ತಾನೆ. ಆರಾಧನೆಯ ಕ್ರಮವನ್ನು ಗೊತ್ತುಮಾಡುವಾಗ, ಇವತ್ತು ಮೊದಲ ಸಲ ಬಂದವನ ಕಣ್ಣಿಗೆ ಇದು ಹೇಗೆ ಕಾಣುತ್ತದೆ ಎಂದು ಕೇಳಿದ ಇಂಥ ಇನ್ನೊಂದು ಮಾತನ್ನು ನಾನು ಹೊಸ ಒಡಂಬಡಿಕೆಯಲ್ಲಿ ಕಂಡಿಲ್ಲ.

ಯಾರಿರಬಹುದು ಇವರು? ಅದೇ ಪತ್ರಿಕೆಯ 7ನೆಯ ಅಧ್ಯಾಯದಲ್ಲಿ ಒಂದು ಸುಳಿವಿದೆ. ಗಂಡ ಹೆಂಡಿರಲ್ಲಿ ಒಬ್ಬರು ನಂಬಿ, ಒಬ್ಬರು ನಂಬದಿರುವ ಮನೆಗಳು ಸಭೆಯಲ್ಲಿ ಇದ್ದವು. ಹೆಂಡತಿಯನ್ನು ಕರೆದುಕೊಂಡು ಬಂದ ಗಂಡ, ಮನೆಯ ಯಜಮಾನನನ್ನು ನೋಡಲು ಬಂದ ನೆರೆಯವನು, ಊಟ ಬಡಿಸುತ್ತಾ ಓಡಾಡುವ ಆಳುಗಳು ಇವರೆಲ್ಲರೂ ಆ ಮಾತಿನೊಳಗೆ ಬರಬಹುದು. ನಮ್ಮ ಚರ್ಚ್ ಅಂಗಳದಲ್ಲಿ ಆರಾಧನೆ ಮುಗಿಯುವವರೆಗೂ ಬೈಕಿನ ಮೇಲೆ ಕೂತು ಕಾಯುವ ಗಂಡಂದಿರನ್ನು ನೋಡಿದಾಗಲೆಲ್ಲ ನನಗೆ ಈ ಅಧ್ಯಾಯ ನೆನಪಾಗುತ್ತದೆ. ಅವರು ಒಂದು ದಿನ ಒಳಗೆ ಬಂದರೆ ಅವರಿಗೆ ಏನು ಅರ್ಥವಾಗುತ್ತದೆ?

ಪೌಲನು ಅನ್ಯಭಾಷೆಯನ್ನು ಬೇಡ ಎನ್ನಲಿಲ್ಲ. ಅಡ್ಡಿಮಾಡಬೇಡಿ ಎಂದೇ ಹೇಳುತ್ತಾನೆ. ತಾನು ನಿಮ್ಮೆಲ್ಲರಿಗಿಂತ ಹೆಚ್ಚಾಗಿ ಆ ಭಾಷೆಗಳನ್ನು ಆಡುತ್ತೇನೆ ಎಂದೂ ಹೇಳುತ್ತಾನೆ. ಹಾಗಿದ್ದೂ ಸಭೆಯಲ್ಲಿ ಅಂಥ ಹತ್ತು ಸಾವಿರ ಮಾತುಗಳಿಗಿಂತ ತಿಳಿಯುವಂಥ ಐದು ಮಾತು ತನಗೆ ಮೇಲು ಎನ್ನುತ್ತಾನೆ. ಆಮೇಲೆ ಬರುವುದು ಖಚಿತವಾದ ನಿಯಮ: ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೆ ಒಬ್ಬರು, ಅರ್ಥ ಹೇಳುವವನೊಬ್ಬ ಇರಬೇಕು, ಇಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿರಬೇಕು. ನೀನು ಚೆನ್ನಾಗಿಯೇ ಸ್ತೋತ್ರ ಮಾಡುತ್ತೀಯೆ, ಆದರೆ ನೀನು ಹೇಳಿದ್ದು ತಿಳಿಯದವನು ಅದಕ್ಕೆ ಆಮೆನ್ ಎಂದು ಹೇಗೆ ಹೇಳುವನು? ಇಡೀ ವಾದ ನಿಂತಿರುವುದು ಈ ಪ್ರಶ್ನೆಯ ಮೇಲೆ. ಪಕ್ಕದಲ್ಲಿ ಕೂತವನಿಗೆ ಆಮೆನ್ ಹೇಳಲು ಆಗಬೇಕು. ಅದಕ್ಕಾಗಿ ವರವಿರುವವನು ತನ್ನ ವರವನ್ನು ತಡೆಹಿಡಿಯಬೇಕು. ಸ್ವಾಗತಕ್ಕೆ ಬೆಲೆ ತೆರಬೇಕಾದವನು ಒಳಗಿರುವವನೇ ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳಲಾಗದು.

ಈ ಅಧ್ಯಾಯವನ್ನು ಅನ್ಯಭಾಷೆಯಲ್ಲಿ ಪ್ರಾರ್ಥಿಸುವ ಪೆಂಟೆಕೋಸ್ಟ್ ಸಭೆಗಳ ಕಡೆಗೆ ಬೆರಳು ತೋರಿಸಲು ಬಳಸುವ ರೂಢಿ ಹಳೆಯ ಸಭೆಗಳಲ್ಲಿದೆ. ಅದು ಸರಿಯಲ್ಲ. ಕ್ರಮದ ಪುಸ್ತಕ ಹಿಡಿದು ಆರಾಧಿಸುವ ನಮ್ಮಂಥವರೂ ಹೊಸಬರ ಪಾಲಿಗೆ ಅನ್ಯಭಾಷೆಯನ್ನೇ ಆಡುತ್ತೇವೆ. ಪಾಪನಿವೇದನೆ, ವಿಶ್ವಾಸಪ್ರಮಾಣ, ಪ್ರತಿವಚನಗಳೆಲ್ಲ ನಮಗೆ ಬಾಯಿಪಾಠ. ಯಾವ ಪುಟ, ಎಲ್ಲಿ ಏಳಬೇಕು, ಎಲ್ಲಿ ಮೊಣಕಾಲೂರಬೇಕು ಎಂದು ಹೇಳುವವರಿಲ್ಲ. ಹಲಗೆಯ ಮೇಲೆ ಗೀತೆಯ ಸಂಖ್ಯೆ ಇದೆ, ಯಾವ ಪುಸ್ತಕದ್ದು ಎಂದಿಲ್ಲ. ಹಳೆಯ ಸತ್ಯವೇದದ ಕನ್ನಡ ನಮಗೆ ತಾಯಿಯ ಮಡಿಲಿನಷ್ಟು ಹತ್ತಿರ, ಮೊದಲ ಸಲ ಕೇಳುವವರಿಗೆ ಅದರ ವಾಕ್ಯ ಮುಗಿಯುವಷ್ಟರಲ್ಲಿ ಮೊದಲು ಏನಿತ್ತೆಂಬುದೇ ಮರೆತಿರುತ್ತದೆ. ಮುಂಬಯಿಯ, ಹೊರದೇಶಗಳ ಕನ್ನಡ ಸಭೆಗಳಲ್ಲಿ ಕನ್ನಡ ಆಡಬಲ್ಲ, ಲಿಪಿ ಓದಲಾರದ ಮಕ್ಕಳಿಗೂ ಇದೇ ಕಷ್ಟ. ಅವರು ಸ್ವಂತ ಸಭೆಯಲ್ಲೇ ಹೊಸಬರು. ಬೆಂಗಳೂರಿನ ಕನ್ನಡ ಸಭೆಗೆ ಬರುವ ಜಾರ್ಖಂಡದ ಹುಡುಗನಿಗೆ, ಮಣಿಪುರದ ಹುಡುಗಿಗೆ ಐದು ಮಾತಾದರೂ ತಿಳಿಯುವಂತೆ ಯಾರು ಹೇಳುತ್ತಾರೆ? ಪೌಲನು ಹೇಳಿದ, ಅರ್ಥ ಹೇಳುವ ಆ ಒಬ್ಬನ ಕೆಲಸ ನಮ್ಮಲ್ಲಿ ಇಂದಿಗೂ ಖಾಲಿ ಇದೆ. ಪಕ್ಕದಲ್ಲಿ ಕೂತು ಪುಟ ತಿರುಗಿಸಿಕೊಡುವುದು, ಇದು ಏಕೆ ಎಂದು ಮೆಲ್ಲಗೆ ಒಂದು ಮಾತು ಹೇಳುವುದು. ಅದಕ್ಕೆ ಸಮಿತಿಯ ಠರಾವು ಬೇಕಿಲ್ಲ.

ಯಾರ ಕಡೆಯವರು?

ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು (ಅಂದರೆ ಪೇತ್ರನವನು) ಎಂದು ಬೋಧಕರ ಹೆಸರು ಹಿಡಿದು ಎದ್ದ ಕೊರಿಂಥದ ಪಂಗಡಗಳು ಎಲ್ಲರಿಗೂ ಗೊತ್ತು. ಹೊಸಬನ ಕಡೆಯಿಂದ ನೋಡಿದರೆ ಅದರ ಪೆಟ್ಟು ಬೇರೆ ಬಗೆಯದು. ಬಂದ ಕೂಡಲೇ ಅವನು ಯಾವುದೋ ಒಂದು ಗುಂಪಿನ ಲೆಕ್ಕಕ್ಕೆ ಸೇರುತ್ತಾನೆ. ಸಭಾ ಚುನಾವಣೆ ಹತ್ತಿರವಿದ್ದಾಗ ಹೊಸ ಕುಟುಂಬಕ್ಕೆ ಸಿಗುವ ಆತ್ಮೀಯತೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು 8ನೆಯ ಅಧ್ಯಾಯ. ವಿಗ್ರಹಕ್ಕೆ ಅರ್ಪಿಸಿದ ಮಾಂಸದ ವಿಷಯದಲ್ಲಿ ಸಭೆಯ ಬಲ್ಲವರು ವಿಗ್ರಹ ಎಂಬುದು ಏನೂ ಅಲ್ಲ, ಆದ್ದರಿಂದ ತಿಂದರೆ ತಪ್ಪಿಲ್ಲ ಎಂದು ನಿಶ್ಚಿಂತೆಯಿಂದಿದ್ದರು. ಅವರ ವಾದ ಸರಿ ಎಂದು ಪೌಲನೂ ಒಪ್ಪುತ್ತಾನೆ. ಆದರೆ ನಿನ್ನೆ ಮೊನ್ನೆಯವರೆಗೂ ಆ ಪೂಜೆಯಲ್ಲೇ ಇದ್ದು ಬಂದವನ ಮನಸ್ಸಿನಲ್ಲಿ ಅದು ಹಾಗಿರುವುದಿಲ್ಲ. ಬಲ್ಲವನು ತಿನ್ನುವುದನ್ನು ನೋಡಿ ಅವನೂ ತಿನ್ನುತ್ತಾನೆ, ಒಳಗೆ ನೋಯುತ್ತಾನೆ. ಅವನಿಗಾಗಿ ನಾನು ಎಂದೆಂದಿಗೂ ಮಾಂಸ ತಿನ್ನದೇ ಇರುವೆನು ಎನ್ನುತ್ತಾನೆ ಪೌಲನು. ಅತ್ತ 10ನೆಯ ಅಧ್ಯಾಯದಲ್ಲಿ, ನಂಬದವನೊಬ್ಬ ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಪ್ರಶ್ನೆ ಮಾಡದೆ ಉಣ್ಣಿ ಎಂದೂ ಹೇಳುತ್ತಾನೆ. ಎರಡನ್ನೂ ಒಟ್ಟಿಗೆ ಓದಬೇಕು. ಕೊರಿಂಥದವರು ಬರೀ ಅತಿಥೇಯರಲ್ಲ, ಅವರೂ ಯಾರದೋ ಮನೆಯ ಅತಿಥಿಗಳು.

ಇದು ಕರ್ನಾಟಕದಲ್ಲಿ ಬದುಕುವ ಯಾವ ಕ್ರೈಸ್ತರಿಗೂ ದೂರದ ಮಾತಲ್ಲ. ನೆರೆಮನೆಯವರು ಹಬ್ಬದ ದಿನ ತಂದುಕೊಡುವ ತಟ್ಟೆ, ಮದುವೆ ಮನೆಯ ಊಟ, ಕಚೇರಿಯ ಆಯುಧಪೂಜೆ. ಹಳಬರಿಗೆ ಇದರಲ್ಲೆಲ್ಲ ಹೇಗಿರಬೇಕೆಂದು ತಲೆಮಾರುಗಳ ಅಭ್ಯಾಸ ಇದೆ. ಹೊಸದಾಗಿ ಸಭೆಗೆ ಸೇರಿದವರಿಗೆ ಪ್ರತಿಯೊಂದೂ ನಿದ್ದೆ ಕೆಡಿಸುವ ಪ್ರಶ್ನೆ, ಏಕೆಂದರೆ ಆ ತಟ್ಟೆ ತರುವವರು ಅವರ ಸ್ವಂತ ಅಕ್ಕ, ಅತ್ತೆ. ಅಂಥವರಿಗೆ ಸಭೆಯ ಹಿರಿಯರು ಎರಡೇ ಮಾತಿನಲ್ಲಿ ತೀರ್ಪು ಕೊಟ್ಟು ಕಳಿಸುವುದನ್ನು ನೋಡಿದರೆ ಸಂಕಟವಾಗುತ್ತದೆ. ಪೌಲನು ಈ ಒಂದು ವಿಷಯಕ್ಕೆ ಮೂರು ಅಧ್ಯಾಯಗಳಷ್ಟು ತಾಳ್ಮೆ ಖರ್ಚು ಮಾಡಿದ್ದಾನೆ.

ಪತ್ರ ಹಿಡಿದು ಬಂದವರು

ಪ್ರಯಾಣ ಮಾಡುವ ವಿಶ್ವಾಸಿಗಳು ಪರಿಚಯ ಪತ್ರ ತರುವ ಪದ್ಧತಿ ಆಗಲೇ ಇತ್ತು. ಅಪೊಲ್ಲೋಸನು ಎಫೆಸದಿಂದ, ಕೊರಿಂಥ ಇದ್ದ ಅಖಾಯ ಪ್ರಾಂತ್ಯಕ್ಕೆ ಹೊರಟಾಗ ಅಲ್ಲಿನ ಸಹೋದರರು ಅವನನ್ನು ಸೇರಿಸಿಕೊಳ್ಳಿ ಎಂದು ಬರೆದುಕೊಟ್ಟರು. ಕೊರಿಂಥದ ಪೂರ್ವ ಬಂದರು ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ ರೋಮಾಪುರಕ್ಕೆ ಹೋದಾಗ ಪೌಲನು ಅವಳಿಗಾಗಿ ಬರೆದ ಸಾಲುಗಳು ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೆಯ ಅಧ್ಯಾಯದ ಮೊದಲಲ್ಲಿವೆ: ದೇವಜನರಿಗೆ ತಕ್ಕ ಹಾಗೆ ಅವಳನ್ನು ಸೇರಿಸಿಕೊಳ್ಳಿ, ಯಾವ ಕೆಲಸದಲ್ಲಿ ಅವಳಿಗೆ ನಿಮ್ಮ ನೆರವು ಬೇಕೋ ಅದರಲ್ಲಿ ನೆರವಾಗಿ, ಅವಳೂ ಅನೇಕರಿಗೆ ನೆರವಾದವಳು. ನಾವು ಇಂದು ಸಭೆಯಿಂದ ಸಭೆಗೆ ಒಯ್ಯುವ ವರ್ಗಾವಣೆ ಪತ್ರ ಈ ಸಾಲಿನಲ್ಲೇ ಬಂದದ್ದು. ಆದರೆ ನಮ್ಮ ಪತ್ರದಲ್ಲಿ ಹೆಸರು, ದೀಕ್ಷಾಸ್ನಾನದ ತಾರೀಕು, ಬಾಕಿ ಚಂದಾ ಇರುತ್ತದೆ. ಇವರು ಏನು ಮಾಡಬಲ್ಲವರು, ಇವರಿಗೆ ಏನು ಬೇಕಾಗಬಹುದು ಎಂಬ ಎರಡು 'ಫೊಯಿಬೆ ಸಾಲು'ಗಳನ್ನು ಸಭಾಪಾಲಕರು ಸೇರಿಸಿ ಬರೆದರೆ ಎಷ್ಟು ಉಪಯೋಗ!

ಪೌಲನ ಜೊತೆಗಾರ ತಿಮೊಥೆಯ ವಿಷಯ ಇನ್ನೂ ಹೃದಯಕ್ಕೆ ತಟ್ಟುವಂಥದ್ದು. ಪತ್ರಿಕೆಯ ಕೊನೆಯಲ್ಲಿ ಪೌಲನು ಬರೆಯುತ್ತಾನೆ: ತಿಮೊಥೆ ಬಂದರೆ ಅವನು ನಿಮ್ಮಲ್ಲಿ ಭಯವಿಲ್ಲದೆ ಇರುವಂತೆ ನೋಡಿಕೊಳ್ಳಿ, ಯಾರೂ ಅವನನ್ನು ಹೀನೈಸಬಾರದು, ಸಮಾಧಾನದಿಂದ ಅವನನ್ನು ಸಾಗಕಳುಹಿಸಿ. ಸಭೆಗೆ ಬರುವ ಸೇವಕನೇ ಹೆದರುವಂತಿದ್ದ ಜಾಗದಲ್ಲಿ ಸಾಮಾನ್ಯ ಹೊಸಬನ ಗತಿ ಏನಾಗಿರಬಹುದು. ಅದರ ಮರುಗಳಿಗೆಯೇ ಪೌಲನು ಸ್ತೆಫನನ ಮನೆಯವರನ್ನು ತೋರಿಸುತ್ತಾನೆ: ಅಖಾಯದ ಪ್ರಥಮಫಲ ಅವರು, ದೇವಜನರ ಸೇವೆಗೆ ತಮ್ಮನ್ನು ತಾವೇ ಒಪ್ಪಿಸಿಕೊಂಡವರು, ಅಂಥವರ ಮಾತು ಕೇಳಿ. ಎಲ್ಲರಿಗಿಂತ ಹಳಬರು ಮತ್ತು ಎಲ್ಲರಿಗಿಂತ ಹೆಚ್ಚು ಸೇವೆ ಮಾಡುವವರು ಒಂದೇ ಮನೆಯವರು. ಸಭೆಯಲ್ಲಿ ಹಿರಿತನಕ್ಕೆ ಇರುವ ಅರ್ಥವನ್ನು ಅವನು ಹಾಗೆ ಇಟ್ಟಿದ್ದಾನೆ.

ನಲವತ್ತು ವರ್ಷಗಳ ನಂತರ

96ರ ಸುಮಾರಿಗೆ ರೋಮಿನ ಸಭೆಯಿಂದ ಕೊರಿಂಥಕ್ಕೆ ಒಂದು ಉದ್ದದ ಪತ್ರ ಹೋಯಿತು. ಆ ಸಭೆಯ ಹಿರಿಯ ಕ್ಲೆಮೆಂತನ ಹೆಸರಿನಲ್ಲಿ ಪ್ರಸಿದ್ಧವಾದದ್ದು. ಅದರ ಮೊದಲಲ್ಲೇ ಒಂದು ಮೆಚ್ಚುಗೆ ಇದೆ: ನಿಮ್ಮಲ್ಲಿ ಬಂದು ತಂಗಿ ಹೋದವರಲ್ಲಿ ನಿಮ್ಮ ಅತಿಥಿಸತ್ಕಾರದ ದೊಡ್ಡಗುಣವನ್ನು ಸಾರದವರು ಯಾರಿದ್ದಾರೆ? ಹಸಿದವನನ್ನು ಅಂಗಳದಲ್ಲಿ ನಿಲ್ಲಿಸಿದ್ದ ಊರು ಇದು. ಎರಡು ತಲೆಮಾರಿನೊಳಗೆ ಪರಊರುಗಳಲ್ಲಿ ಅದರ ಹೆಸರು ಹೀಗೆ ಹರಡಿತ್ತು. ಪೌಲನ ಪತ್ರದಿಂದಲೇ ಹೀಗಾಯಿತು ಎಂದು ಸಾಧಿಸಲು ಸಾಕ್ಷಿ ಇಲ್ಲ. ಆದರೆ ನಡುವೆ ಏನೋ ಬದಲಾಗಿತ್ತು.

ಪ್ರಕರಣ ಅಲ್ಲಿಗೆ ಸುಖವಾಗಿ ಮುಗಿಯುವುದೂ ಇಲ್ಲ. ಕ್ಲೆಮೆಂತನ ಪತ್ರ ಹೋದದ್ದೇ ಜಗಳದ ಕಾರಣಕ್ಕೆ: ಕೊರಿಂಥದವರು ತಮ್ಮ ಹಿರಿಯರಲ್ಲಿ ಕೆಲವರನ್ನು ತಪ್ಪಿಲ್ಲದೆ ಸ್ಥಾನದಿಂದ ತಳ್ಳಿದ್ದರು. ಬಂದವರಿಗೆ ಮನೆ ತೆರೆಯುವ ಗುಣ ಬೆಳೆದಿತ್ತು, ಪಂಗಡ ಕಟ್ಟುವ ಚಾಳಿ ಉಳಿದಿತ್ತು. ಎರಡೂ ಒಂದೇ ಸಭೆಯಲ್ಲಿ ಇರಬಲ್ಲವು. ಪತ್ರ ಬರೆದವರು ಇದಕ್ಕೆ ಮದ್ದಾಗಿ ಮತ್ತೆ ಅತಿಥಿಸತ್ಕಾರದ ಕಥೆಗಳನ್ನೇ ಹೇಳುತ್ತಾರೆ: ಅಬ್ರಹಾಮ, ಲೋಟ, ಗೂಢಚಾರರನ್ನು ಮನೆಯಲ್ಲಿ ಅಡಗಿಸಿದ ರಹಾಬ. ಹೊರಗಿನವರಿಗೆ ತೋರಿದ ಆ ಮನಸ್ಸನ್ನು ಒಳಗಿನವರ ಮೇಲೂ ತಿರುಗಿಸಿ ಎಂದು ಕೇಳಿದಂತೆ ನನಗೆ ತೋರುತ್ತದೆ.

170ರ ಸುಮಾರಿಗೆ ಕೊರಿಂಥದ ಬಿಷಪ್ ದಿಯೊನಿಸಿಯನು ರೋಮಿಗೆ ಬರೆದ ಕಾಗದದ ತುಣುಕುಗಳು ಯುಸೇಬಿಯನು ಬರೆದ ಸಭಾ ಚರಿತ್ರೆಯಲ್ಲಿ ಉಳಿದಿವೆ. ಕ್ಲೆಮೆಂತನ ಕೈಯಿಂದ ಬಂದ ಹಳೆಯ ಪತ್ರವನ್ನು ತಮ್ಮ ಸಭೆ ಬುದ್ಧಿವಾದಕ್ಕಾಗಿ ಓದುತ್ತಿದೆ ಎಂದು ಅವನು ತಿಳಿಸುತ್ತಾನೆ. ಆ ಹೊತ್ತಿಗೆ ಪತ್ರಕ್ಕೆ ಎಪ್ಪತ್ತಕ್ಕೂ ಹೆಚ್ಚು ವರ್ಷ. ತಮ್ಮ ಹಿರಿಯರ ಕಾಲದ ತಪ್ಪನ್ನು ಎತ್ತಿ ಆಡಿದ ಕಾಗದವನ್ನು ಅವರು ಮುಚ್ಚಿಡಲಿಲ್ಲ; ಅದನ್ನು ಓದುವ ಹೊತ್ತಿಗೆ ಪರಊರಿನವರು ಬಂದು ಕೂತಿದ್ದರೆ ಅವರ ಕಿವಿಗೂ ಅದು ಬೀಳುತ್ತಿತ್ತು. ಪೌಲನ ಪತ್ರವನ್ನೂ ಅವರು ಹಾಗೆಯೇ ಕಾಪಾಡಿ, ನಕಲು ಮಾಡಿಸಿಕೊಳ್ಳಲು ಬೇರೆ ಸಭೆಗಳಿಗೆ ಕೊಟ್ಟರು. ಹಸಿದವರ ಸಂಗತಿ, ಹುಚ್ಚು ಹಿಡಿದಿದೆ ಎಂಬ ಮಾತು, ತಿಮೊಥೆಯನ್ನು ಹೆದರಿಸಬೇಡಿ ಎಂಬ ಎಚ್ಚರಿಕೆ ಯಾವುದನ್ನೂ ಅವರು ಅದರಿಂದ ತೆಗೆದುಹಾಕಲಿಲ್ಲ.